ನಲವತ್ತೊಂದನೆಯ ಫೋಲ್ಡರ್

ಲಕ್ಕವ್ವ, ನಿನ್ನ ಪ್ರಾಜೆಕ್ಟನ್ನು ಅಳಿಸಿದವನು ನಾನು. ನೀನು ಸೇವ್ ಮಾಡುವುದನ್ನು ಮರೆತಿರಲಿಲ್ಲ.

ಈ ಎರಡು ವಾಕ್ಯ ಬರೆಯಲು ನನಗೆ ಏಳು ವರ್ಷ ಬೇಕಾಯಿತು. ಮೂಡಲಗಿಯ ಬಸ್ಸು ಎಷ್ಟು ನಿಮಿಷ ತಡ, ಲ್ಯಾಬಿಗೆ ಎಷ್ಟು ಜನ ಬಂದರು— ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವವನು ನಾನು. ಇದನ್ನು ಮಾತ್ರ...

ಗೋಕಾಕದ ಕಾಲೇಜಿನಲ್ಲಿ ನಮ್ಮದು ಕೊನೆಯ ವರ್ಷ. ಎಲ್ಲರ ಫೈಲುಗಳೂ ಒಂದೇ ಸರ್ವರಿನಲ್ಲಿ, ರೋಲ್ ನಂಬರಿನ ಫೋಲ್ಡರುಗಳಲ್ಲಿ ಇರುತ್ತಿದ್ದವು. ಕಂಪ್ಯೂಟರ್ ಲ್ಯಾಬಿನ ಜವಾಬ್ದಾರಿಯನ್ನು ಸರ್ ನನಗೆ ವಹಿಸಿದ್ದರು. ಚಪ್ಪಲಿ ಹೊರಗೆ, ಫ್ಲಾಪಿ ಬಾಗಿಲ ಬಳಿಯ ರಟ್ಟಿನ ಡಬ್ಬದಲ್ಲಿ— ವೈರಸ್ಸಿನ ಭಯ. ಪ್ರಾಜೆಕ್ಟನ್ನು ಕಾಪಿ ಮಾಡಿಕೊಳ್ಳಲೆಂದು ನೀನು ತಂದ ಫ್ಲಾಪಿಯನ್ನೂ ನಾನೇ ಆ ಡಬ್ಬಕ್ಕೆ ಹಾಕಿಸಿದ್ದೆ.

ಪ್ರಾಜೆಕ್ಟ್ ಒಪ್ಪಿಸಲು ಎರಡು ದಿನವಿದ್ದಾಗ ಸರ್ವರ್ ತುಂಬಿತು. ಕಾಲೇಜು ಬಿಟ್ಟುಹೋದವರ ನಲವತ್ತು ಫೋಲ್ಡರುಗಳ ಪಟ್ಟಿ ಮಾಡಿ, ಸಹಿ ಹಾಕಿ, ಸರ್ ಹೇಳಿದರು: “ಇಷ್ಟ ತಗಿ. ಮತ್ತೊಂದಕ್ಕ ಕೈ ಹಚ್ಚಬ್ಯಾಡ.”

ತೆಗೆದೆ. ಆದರೂ ನನ್ನ ಪ್ರಾಜೆಕ್ಟಿಗೆ ಜಾಗ ಸಾಲಲಿಲ್ಲ. ಉಳಿದವುಗಳಲ್ಲಿ ನಿನ್ನ ಫೋಲ್ಡರೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ನಿಮ್ಮಪ್ಪ ಪ್ರತಿ ಕುರಿಯನ್ನೂ ಮುಖ ನೋಡಿಯೇ ಗುರುತಿಸುತ್ತಿದ್ದರು, ಎಂದೂ ಬರೆದಿಟ್ಟವರಲ್ಲ. ನೀನು ಭಾನುವಾರಗಳಲ್ಲಿ ಅವರ ಪಕ್ಕ ಕೂತು, ಯಾವ ಕುರಿ ಯಾವಾಗ ಹುಟ್ಟಿತು, ಯಾವುದಕ್ಕೆ ಯಾವ ರೋಗ ಬಂದಿತ್ತು ಎಂದು ಕೇಳಿಕೊಂಡು ಬಂದು, ಅದರಲ್ಲಿ ತುಂಬುತ್ತಿದ್ದೆ. ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು ಎಂದುಕೊಂಡೆ— ಅಳಿಸಿದೆ. ಆಮೇಲೆ ಡಬ್ಬದಲ್ಲಿ ನಿನ್ನ ಹೆಸರಿನ ಫ್ಲಾಪಿ ಕಂಡಿತು. ಹಾಕಿ ನೋಡಿದೆ. ಖಾಲಿ.

ಮರುದಿನ ನೀನು ಬಂದೆ. ಮೂರು ಸಲ ಹುಡುಕಿದೆ.

“ಅಣ್ಣಾರ, ನಿನ್ನಿ ತನಕ ಇತ್ತರಿ... ಎಲ್ಲಿ ಹೋತು?”

“ಕುರಿ ಬೇಲಿ ಜಿಗದು ಹ್ವಾದುವೇನವಾ!” ಎಂದ ಹಿಂದಿನ ಸಾಲಿನ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಮಾತು ಹೇಳಿದೆ:

“ನೀ ಸೇವ್ ಮಾಡಿರೂದಿಲ್ಲ ನೋಡು.”

ನೀನು ನಿನ್ನ ಕೈಗಳನ್ನು ನೋಡಿಕೊಂಡೆ. “ಇರಬೇಕ್ರಿ” ಎಂದೆ. ಜಗಳವಾಡಿದ್ದರೆ ಬಹುಶಃ— ಇಲ್ಲ, ಆಗಲೂ ನಾನು ಹೇಳುತ್ತಿರಲಿಲ್ಲ. ನಿನಗೆ ಆ ವರ್ಷ ಹೋಯಿತು.

ಹೋದ ತಿಂಗಳು ಹುಕ್ಕೇರಿಯ ತಾಲೂಕು ಕಚೇರಿಗೆ ಒಂದು ದಾಖಲೆಗಾಗಿ ಬಂದಿದ್ದೆ. ಕಿಟಕಿಯ ಆಚೆ ಕಂಪ್ಯೂಟರಿನ ಮುಂದೆ ನೀನು. ಸೇವ್ ಮಾಡಿದೆ, ಮತ್ತೆ ಮಾಡಿದೆ, ಮತ್ತೊಮ್ಮೆ. ಸರದಿಯಲ್ಲಿದ್ದ ಮುದುಕರೊಬ್ಬರು ಗೊಣಗಿದರು: “ಎಷ್ಟ ಸಲ ಒತ್ತತೀಯವಾ, ಹಿಟ್ಟ ನಾದಾಕತ್ತೀಯೇನು?”

“ತಡೀರಿ ಕಾಕಾ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ. ಒಮ್ಮೆ ಮರತು ಒಂದ ವರ್ಷ ಕಳಕೊಂಡೇನಿ.” ಆಗ ನನ್ನನ್ನು ಕಂಡು ನಕ್ಕೆ. “ಖರೆ ಹೌದಲ್ರಿ, ಅಣ್ಣಾರ?”

ನಾನು ಹೌದೆಂದು ತಲೆಯಾಡಿಸಿದೆ.

ಲಕ್ಕವ್ವ, ಎರಡನೆಯ ಸಲ.

ನಾಳೆ ಸೋಮವಾರ. ಮೊದಲ ಬಸ್ಸಿಗೆ ಆ ವರ್ಷದ ದಿನಚರಿ ಹಿಡಿದು ಬರುತ್ತೇನೆ. ಅಂದು ಎಲ್ಲರೆದುರು ಸುಳ್ಳು ಹೇಳಿದ್ದೆ, ಈ ಪತ್ರವನ್ನೂ ಸರದಿಯಲ್ಲಿ ನಿಂತವರೆದುರೇ ಓದುತ್ತೇನೆ. ಲ್ಯಾಬಿನ ರಿಜಿಸ್ಟರಿನಲ್ಲಿ ನಲವತ್ತು ಎಂದು ಬರೆದು ಸಹಿ ಮಾಡಿದ್ದೆ. ದಿನಚರಿಯಲ್ಲಿ ಇರುವುದು ಒಂದೇ ಸಾಲು:

‘ಪಟ್ಟಿಯಲ್ಲಿ ನಲವತ್ತು. ಅಳಿಸಿದ್ದು ನಲವತ್ತೊಂದು.’