ವಾಸಪ್ಪನ ಮನೆಯ ಮೀನಿನ ಹೀಟರ್

ಬಸರೀಕಟ್ಟೆ ಕಡೆ ಜೀಪು ಓಡಿಸುವವರಲ್ಲಿ ವಾಸಪ್ಪನಷ್ಟು ಧೈರ್ಯದವನಿಲ್ಲ ಅಂತ ಎಸ್ಟೇಟಿನವರೆಲ್ಲ ಹೇಳುತ್ತಾರೆ. ಕೆಸರಲ್ಲಿ ಜೀಪು ಅಡ್ಡಡ್ಡ ಜಾರಿದರೆ ಹಿಂದೆ ಕೂತವರು ಕೂಗಬೇಕೇ ಹೊರತು ಅವನು ತುಟಿ ಬಿಚ್ಚುವುದಿಲ್ಲ. ಅಂಥವನು ಮನೆಯೊಳಗೆ ಸ್ವಿಚ್ ಹಾಕುವ ಮೊದಲು ಕೈಯನ್ನು ಲುಂಗಿಗೆ ಒರೆಸಿ, ಮತ್ತೆ ಒರೆಸಿಕೊಳ್ಳುತ್ತಾನೆ. ಎಸ್ಟೇಟಿನ ಲೈನ್ ಮನೆಗಳ ಸಾಲಿನಲ್ಲಿ ನನ್ನ ಮನೆಗೂ ಅವನ ಮನೆಗೂ ಮಧ್ಯೆ ಒಂದೇ ಗೋಡೆ. ಹಾಗಾಗಿ ಅವನನ್ನು ನಾನು ಕಂಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಅವನ ಹೆದರಿಕೆಗೆ ಕಾರಣ ಇದೆ. ಅವನು ಸಣ್ಣವನಿದ್ದಾಗ ಅವನ ಅಕ್ಕ ವಿಜಯ ಬಕೆಟ್ಟಿನಲ್ಲಿ ಕರೆಂಟಿನ ಕಾಯಿಲ್ ಇಟ್ಟಿದ್ದಳು. ಆಗ ಅದು ಮನೆಗೆ ಹೊಸದು. ನಮ್ಮಲ್ಲಿ ನೀರು ಕಾಯಿತೋ ಇಲ್ಲವೋ ಅಂತ ಯಾರೂ ಕಣ್ಣಲ್ಲಿ ನೋಡುವುದಿಲ್ಲ, ಹಂಡೆಗೆ ಕೈ ಅದ್ದಿ ಹದ ನೋಡುವುದು. ಅವಳೂ ಹಾಗೇ ಅದ್ದಿದಳು, ಉಳಿಯಲಿಲ್ಲ. ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದವನು ವಾಸಪ್ಪ. ಆಮೇಲೆ ಅವರಮ್ಮ ಭೈರಮ್ಮ ಸೌದೆ ಒಲೆ ಬಿಟ್ಟು ಬೇರೆ ಯಾವುದರಲ್ಲೂ ನೀರು ಕಾಯಿಸಿದ್ದಿಲ್ಲ.

ಹೋದ ವರ್ಷ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ಹೋಗುವಾಗ ತಮ್ಮ ಗಾಜಿನ ಮೀನಿನ ತೊಟ್ಟಿಯನ್ನು ವಾಸಪ್ಪನ ಮಗಳು ಪವಿತ್ರಾಗೆ ಕೊಟ್ಟು ಹೋದರು. ಒಳಗೆ ಎರಡು ಏಂಜೆಲ್ ಮೀನು. ಮಳೆಗಾಲ ಹೇಗೋ ಕಳೆಯಿತು. ಚಳಿ ಹಿಡಿದಾಗ ಎರಡೂ ರೆಕ್ಕೆ ಮುದುರಿಕೊಂಡು ತಳ ಹಿಡಿದವು.

“ಹೀಟರ್ ತರದಿದ್ರೆ ಸತ್ತೇ ಹೋಗ್ತಾವಪ್ಪ.”

“ಹಂಡೆ ನೀರು ಹಾಕು ಮಾರಾಯ್ತಿ.”

“ಹಾಕಿದ್ರೆ ಸಾರಾಗುತ್ತೆ, ಅಷ್ಟೇ.”

ಹುಡುಗಿ ಊಟ ಬಿಟ್ಟಳು. ವಾಸಪ್ಪ ಬಾಳೆಹೊನ್ನೂರಿಗೆ ಹೊರಟ. ನನಗೂ ಕಣ್ಣಿನ ಔಷಧಿ ಬೇಕಿತ್ತು, ಜೀಪು ಹತ್ತಿದೆ.

ಮೀನಿನ ಅಂಗಡಿಯ ಗಜಾನನ ಒಂದು ಗಾಜಿನ ಕೊಳವೆ ತೆಗೆದಿಟ್ಟ. “ನಿಮ್ಮ ತೊಟ್ಟಿ ಅಳತೆಗೆ ಇದು ಸರಿ. ಬೆಚ್ಚಗಾದ್ರೆ ತಾನೇ ಆಫ್ ಆಗುತ್ತೆ. ಕಾಯ್ತಾನೇ ಇರೋ ಅಗ್ಗದ್ದು ತಗೋಬೇಡಿ, ಮೀನು ಬೆಂದು ಹೋಗುತ್ತೆ.”

“ಆಫ್ ಆಗ್ಲಿಲ್ಲ ಅಂದ್ರೆ?”

“ಥರ್ಮಾಮೀಟರ್ ಒಂದು ಅಂಟಿಸಿ, ನೋಡ್ತಾ ಇರಿ.”

“ಒಡೆದ್ರೆ?”

“ಎಂತ ಮಾರಾಯ್ರೆ, ಜೀಪು ತಗೊಳ್ಳುವಾಗ ಇಷ್ಟೆಲ್ಲ ಕೇಳಿದ್ರಾ?”

“ಜೀಪನ್ನ ನೀರಲ್ಲಿ ಮುಳುಗಿಸಿ ಇಡ್ತೀವಾ?”

ಗಜಾನನ ಅವನ ಮುಖ ನೋಡಿದ. ಆಮೇಲೆ ನಗಲಿಲ್ಲ. ಸ್ಟೀಲಿನದ್ದೊಂದು ಬರುತ್ತೆ, ನೀರು ಕಡಿಮೆಯಾದರೂ ತಾನೇ ಆಫ್ ಆಗುತ್ತೆ, ಒಡೆಯುವ ಮಾತಿಲ್ಲ, ಆದರೆ ಶಿವಮೊಗ್ಗದಿಂದ ತರಿಸಬೇಕು ಅಂದ. “ಗಾಜಿಂದಾದ್ರೆ ನೀರಿನ ಮೇಲೆ ತಲೆ ಎತ್ತಬಾರದು, ಕಾದ ಗಾಜಿಗೆ ತಣ್ಣೀರು ತಾಗಿದ್ರೆ ಒಡೆಯುತ್ತೆ. ಕೈ ಹಾಕೋ ಮೊದಲು ಗೋಡೆ ಪ್ಲಗ್ಗಿಂದ ಪಿನ್ನು ಕೀಳಿ. ಮನೆಗೆ ಟ್ರಿಪ್ ಆಗೋ ಸ್ವಿಚ್ ಹಾಕ್ಸಿಬಿಡಿ, ಶಾಕ್ ಹೊಡೆಯೋ ಹಾಗಾದ್ರೆ ಕರೆಂಟು ತಾನೇ ಕಟ್ಟಾಗುತ್ತೆ.”

ಅದು ಬರುವ ತನಕ ಮೀನು ಕಾಯುವ ಹಾಗಿರಲಿಲ್ಲ. ಗಾಜಿನದ್ದೇ ತಂದ. ಟ್ರಿಪ್ ಸ್ವಿಚ್ಚಿಗೆ ಎಸ್ಟೇಟಿನ ವೈರ್‌ಮನ್ ಕಾಫಿ ಕೊಯ್ಲು ಮುಗಿಯಲಿ ಅಂದುಬಿಟ್ಟ. ಅವತ್ತಿನಿಂದ ಗೋಡೆಯಾಚೆ ದಿನಾ ಒಂದೇ ಪಾಠ.

“ಮೊದಲು?”

“ಪಿನ್ನು.”

“ಆಮೇಲೆ?”

“ಕೈ. ಎಷ್ಟು ಸಲ ಕೇಳ್ತೀಯಪ್ಪ!”

ಮೀನು ಚೇತರಿಸಿಕೊಂಡವು. ಮೇಲೆ ಬಂದು ಬಾಯಿ ತೆರೆದು ಅನ್ನ ಕೇಳುವ ಹಾಗಾದವು. ವಾಸಪ್ಪ ಮಾತ್ರ ರಾತ್ರಿ ಎಷ್ಟೊತ್ತಿಗೆ ಎದ್ದರೂ ಥರ್ಮಾಮೀಟರ್ ನೋಡಿ ಬರುತ್ತಿದ್ದ, ಆ ಹೆಜ್ಜೆ ನನಗೆ ಕೇಳುತ್ತಿತ್ತು.

ಒಂದು ಭಾನುವಾರ ನಾನು ಅವರ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ವಾಸಪ್ಪ ಹೊರಗೆ ಜೀಪು ತೊಳೆಯುತ್ತಿದ್ದ. ಪವಿತ್ರಾ ಗೋಡೆಗೆ ಒರಗಿ ಓದುತ್ತಿದ್ದಳು. ತೊಟ್ಟಿಯ ನೀರು ಆರಿ ಆರಿ ಇಳಿದಿತ್ತು, ಹೀಟರಿನ ತಲೆ ಹೊರಗೆ ಕಾಣುತ್ತಿತ್ತು. ಯಾರೂ ಗಮನಿಸಿರಲಿಲ್ಲ. ಗಮನಿಸಿದವಳು ಭೈರಮ್ಮ. ಹಂಡೆಯ ನೀರು ಇಳಿದರೆ ತಣ್ಣೀರು ಹಾಕಿ ಭರ್ತಿ ಮಾಡುವುದು ಅವಳ ಜನ್ಮದ ಅಭ್ಯಾಸ, ಒಲೆಯ ಮೇಲಿನ ಹಂಡೆ ಬರಿದಾದರೆ ತಳ ಸುಡುತ್ತದಲ್ಲ. ಬಾವಿ ನೀರಿನ ಚೊಂಬು ತಂದವಳೇ ಸುರಿದಳು.

ಹೀಟರಿನ ಗಾಜು ಟಿಕ್ ಅಂತು. ಕಡಲೆಕಾಯಿ ಒಡೆದಷ್ಟೇ ಸದ್ದು. ಮೀನು ಎರಡೂ ಗಾಜಿಗೆ ಬಡಿದುಕೊಂಡವು.

“ಅಯ್ಯೋ, ಬಿಸಿ ಜಾಸ್ತಿ ಆಯ್ತಾ ಎಂತ?” ಅಂತ ಭೈರಮ್ಮ ತೋಳಿನ ಸೆರಗು ಸರಿಸಿದಳು. ಆ ಕೈ ಏನು ಮಾಡಲಿದೆ ಅಂತ ನನಗೆ ಗೊತ್ತಾಯಿತು. ಏಳಹೋದೆ. ಮಡಿಲಿನ ಅವರೆಕಾಯಿ ಚೆಲ್ಲಿತು.

ವಾಸಪ್ಪ ಒಳಗೆ ಬಂದಾಗ ಅವನಮ್ಮನ ಕೈ ಮಣಿಕಟ್ಟಿನ ತನಕ ನೀರಿನಲ್ಲಿತ್ತು.

ಅವನು ಬಾಗಿಲಲ್ಲೇ ನಿಂತುಬಿಟ್ಟ. ಒದ್ದೆ ಬಟ್ಟೆ ಕೈಯಲ್ಲಿ, ನೀರು ಕಾಲಿನ ಮೇಲೆ ಸುರಿಯುತ್ತಿದೆ.

“ಉಗುರುಬೆಚ್ಚಗಿದೆ ಅಷ್ಟೇ,” ಅಂದಳು ಭೈರಮ್ಮ, ಮಗನ ಕಡೆ ತಿರುಗಿ. ಅವನ ಮುಖ ಕಂಡಾಗಲೇ ಅವಳಿಗೆ ನೆನಪಾಗಿದ್ದು. ಕೈ ಹೊರಗೆ ತೆಗೆದು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು. “ವಿಜಯಾ,” ಅಂದಳು.

“ಅಪ್ಪ,” ಅಂದಳು ಪವಿತ್ರಾ. ಕಿತ್ತ ಪಿನ್ನು ಅವಳ ಮುಷ್ಟಿಯಲ್ಲಿತ್ತು, ವೈರು ತೂಗುತ್ತಿತ್ತು. “ಕಿತ್ತಿದೀನಿ ಅಪ್ಪ. ನೋಡಿಲ್ಲಿ.”

ಒಡೆದ ಗಾಜನ್ನು ಅವನೇ ತೆಗೆದ. ಪ್ರತಿ ಸಲ ಕೈ ಅದ್ದುವ ಮೊದಲು ಆ ಪಿನ್ನಿನ ಕಡೆ ನೋಡಿದ. ಅವತ್ತೇ ಗಜಾನನನಿಗೆ ಫೋನ್ ಮಾಡಿ ಸ್ಟೀಲಿನದ್ದು ತರಿಸಲು ಹೇಳಿದ. ವೈರ್‌ಮನ್ನನ್ನು ಅವನ ಮನೆಯಿಂದಲೇ ಜೀಪಿನಲ್ಲಿ ಹತ್ತಿಸಿಕೊಂಡು ಬಂದು ಟ್ರಿಪ್ ಸ್ವಿಚ್ ಹಾಕಿಸಿದ. ಹೊಸ ಹೀಟರ್ ಬರುವ ತನಕ ಬಾಟಲಿಗೆ ಹಂಡೆಯ ಬಿಸಿನೀರು ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟರು. ಮೀನು ಉಳಿದವು. ಭೈರಮ್ಮ ಈಗ ತೊಟ್ಟಿಯ ಮುಂದೆ ಕೂತರೆ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡೇ ಕೂರುತ್ತಾಳೆ.

ವಾಸಪ್ಪ ಮೊನ್ನೆಯೂ ನನ್ನ ಜಗುಲಿಗೆ ಬಂದಿದ್ದ. ಚಹಾ ಕೊಟ್ಟೆ. ಲೋಟ ಹಿಡಿದುಕೊಂಡೇ ಕೇಳಿದ.

“ದೊಡ್ಡಮ್ಮ, ನೀವು ಅಲ್ಲೇ ಇದ್ರಿ. ಪಿನ್ನು ಮೊದಲಾ, ಕೈ ಮೊದಲಾ?”

“ಪಿನ್ನು ಕಿತ್ತ ಸದ್ದು ಮೊದಲು ಕೇಳ್ತು. ನೀರಿನದ್ದು ಆಮೇಲೆ.”

“ಎಷ್ಟು ಮೊದಲು?”

“ಚಹಾ ಆರುತ್ತೆ, ಕುಡಿ ಮಾರಾಯ,” ಅಂದೆ.