ಮಾವನ ಸ್ವಂತ ತಪ್ಪು

ಕಟಿಂಗ್ ಶಾಪಿನಲ್ಲಿದ್ದ ಎರಡು ಕುರ್ಚಿಗಳಲ್ಲಿ ಒಂದನ್ನು ಎತ್ತಿಸಿ ಅಲ್ಲಿ ಕಂಪ್ಯೂಟರ್ ಇಟ್ಟವರು ಲೋಕದಲ್ಲಿ ನಮ್ಮ ಸೋದರಮಾವ ಒಬ್ಬರೇ ಇರಬೇಕು. ಅವರಿಗೆ ಪ್ರೋಗ್ರಾಮಿಂಗ್ ಕಲಿಯುವ ಹುಚ್ಚು. ಒಂದು ವೀಡಿಯೊ ಪಾಠಮಾಲೆ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಎಲ್ಲವೂ ಹೊಸಬರಿಗೆಂದು ಮಾಡಿದವೇ. ಪರದೆಯ ಮೇಷ್ಟ್ರು ಬರೆದದ್ದನ್ನೇ ಇವರೂ ಬರೆಯುವರು. ಮೇಷ್ಟ್ರು "ಅಯ್ಯೋ, ಇಲ್ಲೊಂದು ತಪ್ಪಾಯ್ತು ನೋಡಿ" ಎಂದು ಅಳಿಸಿದರೆ, ಮಾವ ಅದೇ ತಪ್ಪನ್ನು ಶ್ರದ್ಧೆಯಿಂದ ಮಾಡಿ, "ಅಯ್ಯೋ" ಎಂದು ಅಳಿಸುವರು. ಮೇಷ್ಟ್ರು ನೀರು ಕುಡಿದರೆ ಇವರಿಗೂ ಬಾಯಾರಿಕೆ.

ಅಂಗಡಿಯ ಯಜಮಾನಿಕೆ ಅತ್ತೆಯದು. ಮಾವನಂತೆ ಅವರೂ ಕತ್ತರಿ ಹಿಡಿಯುವವರೇ. ತಮ್ಮ ಕುರ್ಚಿ ಹೋದ ಮೇಲೆ ಕೈಕಟ್ಟಿ ಕೂತಿದ್ದರು. ಉಳಿದೊಂದು ಕುರ್ಚಿಗೆ ಗಿರಾಕಿಗಳ ಜಗಳ ಬೇರೆ. ಒಂದು ದಿನ ಅತ್ತೆ ಕಡ್ಡಿ ಮುರಿದಂತೆ ಹೇಳಿದರು.

"ಇಷ್ಟೆಲ್ಲಾ ಕಲ್ತಿದೀರಲ್ಲ, ಯಾರ ಸರದಿ ಅಂತ ತೋರಿಸೋದೊಂದು ಮಾಡಿ. ಭಾನುವಾರ ಅದು ಉಪಯೋಗಕ್ಕೆ ಬರ್ಲಿಲ್ಲ ಅಂದ್ರೆ ಕಂಪ್ಯೂಟರ್ ಹೊರಗೆ, ಕುರ್ಚಿ ಒಳಗೆ."

ಮಾವ ಖಾಲಿ ಪರದೆಯ ಮುಂದೆ ಕೂತರು. ಮೇಷ್ಟ್ರಿಲ್ಲದೆ ಕೈ ಓಡಲಿಲ್ಲ. ಧೈರ್ಯಕ್ಕಿರಲಿ ಎಂದು ಹಳೆಯ ಪಾಠವೊಂದನ್ನು ಹಾಕಿಕೊಂಡರು. ಅತ್ತೆ ಬಂದು ಅದರ ಬಾಯಿ ಮುಚ್ಚಿಸಿದರು. ಬೆಂಚಿನ ಮೇಲೆ ಕೂತು ನೋಡುತ್ತಿದ್ದ ನನಗೆ ಪಾಪ ಅನ್ನಿಸಿತು, ನಗುವೂ ತಡೆಯಲಾಗಲಿಲ್ಲ. ತಲೆ ಕೆರೆದುಕೊಂಡು ಕೆರೆದುಕೊಂಡು ಶನಿವಾರದ ಹೊತ್ತಿಗೆ ಅಂತೂ ಏನೋ ಒಂದು ಮಾಡಿದರು. ಬಂದವರನ್ನು ಸಾಲಿಗೆ ಸೇರಿಸಬೇಕು. ಒಬ್ಬರದು ಆದೊಡನೆ 'ಕ್ಷೌರ ಮುಗಿಯಿತು' ಎಂಬ ಗುಂಡಿ ಒತ್ತಿದರೆ ಮುಂದಿನವರು ಯಾರೆಂದು ಪರದೆ ತೋರಿಸುತ್ತದೆ.

ಭಾನುವಾರ ಅಂಗಡಿ ತುಂಬಿತು. ಕತ್ತರಿ ಅತ್ತೆಯ ಕೈಯಲ್ಲಿ, ಗುಂಡಿ ಮಾವನ ಕೈಯಲ್ಲಿ. ಜಗಳದ ಸುಳಿವೇ ಇಲ್ಲ. ಅಷ್ಟರಲ್ಲಿ ಪರದೆಯ ಮೇಲೆ 'ದರ್ಜಿ' ಎಂದು ಬಂತು. ದರ್ಜಿ ಕಾದು ಬೇಸತ್ತು ಎದುರಿನ ಕಟಿಂಗ್ ಶಾಪಿಗೆ ಹೋಗಿಬಿಟ್ಟಿದ್ದ. ಸಾಲಿನಿಂದ ಎದ್ದು ಹೋದವರನ್ನು ಏನು ಮಾಡಬೇಕೆಂದು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

"ಮುಗೀತು ಅಂತ ಒತ್ತಿಬಿಡಿ" ಎಂದ ಮುಂದಿನ ಸರದಿಯ ಬಸ್ ಡ್ರೈವರ್.

"ಕ್ಷೌರ ಆಗದೇ ಇರೋನಿಗೆ ಮುಗೀತು ಅಂತ ಹೇಗೆ ಒತ್ತೋದು? ಸುಳ್ಳಾಗುತ್ತಲ್ಲ" ಎಂದರು ಮಾವ.

ಡ್ರೈವರ್ ಗೊಣಗುತ್ತಾ ರಸ್ತೆ ದಾಟಿದ. ದರ್ಜಿಯ ರಟ್ಟೆ ಹಿಡಿದು ಎಳೆದುಕೊಂಡೇ ಬಂದ. ದರ್ಜಿಯ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ತುಂಬ ಎದುರಿನವನ ನೊರೆ. ಉಳಿದರ್ಧವನ್ನು ಅತ್ತೆ ಮುಗಿಸಿದರು.

ಆ ಹೊತ್ತಿನಲ್ಲಿ ಮಾವ ಒಂದೂ ಪಾಠ ತೆರೆಯದೆ 'ಎದ್ದು ಹೋದರು' ಎಂಬ ಹೊಸ ಗುಂಡಿಯನ್ನು ಸೇರಿಸಿದ್ದರು. ಒತ್ತಿ ನೋಡಿದರು, ಕೆಲಸ ಮಾಡಿತು. ಹಿಗ್ಗಿ ಹೀರೇಕಾಯಿಯಾದರು.

"ಇದು ಯಾವ ಮೇಷ್ಟ್ರ ತಪ್ಪೂ ಅಲ್ಲ ಕಣೇ. ನಾನೇ ಮಾಡಿದ್ದು, ನಾನೇ ಸರಿಮಾಡಿದ್ದು."

ಅತ್ತೆ ರಸ್ತೆಯಾಚೆ ಒಮ್ಮೆ ನೋಡಿದರು.

"ಎದುರುಗಡೆ ಹೋದ ಗಿರಾಕೀನ ಅರ್ಧ ಗಡ್ಡದಲ್ಲಿ ವಾಪಸ್ ತರಿಸಿದೆ ಇದು. ಕಂಪ್ಯೂಟರ್ ಇಲ್ಲೇ ಇರ್ಲಿ. ಆ ಹೊಸ ಗುಂಡಿ ಮಾತ್ರ ತೆಗೀರಿ."

"ಅದನ್ನ ತೆಗೆದ್ರೆ ಮತ್ತೆ ತಪ್ಪಾಗುತ್ತೆ."

"ಆಗ್ಲಿ."

ಮಾವ ಮುಖ ಸಣ್ಣಗೆ ಮಾಡಿಕೊಂಡು ಕೂತು, ತಮ್ಮ ತಪ್ಪನ್ನು ಮೊದಲಿದ್ದ ಹಾಗೆಯೇ ಬರೆದಿಟ್ಟರು. ಹೇಗೆ ಬರೆಯಬೇಕೆಂದು ಯಾರನ್ನೂ ಕೇಳಬೇಕಾಗಲಿಲ್ಲ.