ಹುಟ್ಟು ಮುಟ್ಟದ ಚಾಂಪಿಯನ್

ಚಿನ್ನಪ್ಪ ಎಷ್ಟು ಹಗುರವಾಗಿದ್ದನೆಂದರೆ, ದೋಣಿ ಪಂದ್ಯದ ದಿನ ಅವನ ಕಾಲಡಿ ಮರಳಿನ ಚೀಲ ಇಟ್ಟು ನಿಯಮದ ತೂಕ ತುಂಬಿಸಬೇಕಾಗಿತ್ತು. ಆ ಮರಳನ್ನೂ ಎಳೆದವರು ನಾವೇ ಎಂದು ಯಾರಾದರೂ ಹೇಳುತ್ತಾರೇನು?

ಅವನು ಶ್ರೀನಿವಾಸಪುರದ ದರ್ಜಿ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಚಿನ್ನದ ಗಣಿಯ ಇಂಗ್ಲಿಷ್ ದೊರೆಗಳು ವರ್ಷಕ್ಕೊಮ್ಮೆ ಮುಳಬಾಗಿಲು ಕಡೆಯ ಕೆರೆಯಲ್ಲಿ ದೋಣಿ ಪಂದ್ಯ ನಡೆಸುತ್ತಿದ್ದರು, ತಾಲ್ಲೂಕಿಗೊಂದು ದೋಣಿ. ಹುಟ್ಟು ಹಾಕುವ ನಾವು ನಾಲ್ವರೂ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ದಾರಿ ನೋಡುತ್ತಾ, ಚುಕ್ಕಾಣಿಯ ಹಗ್ಗ ಹಿಡಿದು ಕೂಗುವವನು ಚಿನ್ನಪ್ಪ. ಅವನೆದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ನಾನು.

"ಲಾಗು ರಾ ಮುನಿಯಾ! ಎಳಿಯೋ! ಕೋಲಾರದೋರು ಒಂದ್ ಮಾರು ಮುಂದವ್ರೆ ಕಣೋ!" ಎಂದು ನನ್ನ ಮುಖಕ್ಕೇ ಕಿರುಚುತ್ತಿದ್ದ. ಮುಂದೆ ಯಾರೂ ಇಲ್ಲದಿದ್ದರೂ ಇದೇ ಸುಳ್ಳು. ತಿರುಗಿ ನೋಡುವ ಹಾಗಿಲ್ಲವಲ್ಲ, ನಂಬಿ ಎಳೆಯುತ್ತಿದ್ದೆವು.

ಐದು ವರ್ಷ ಗೆದ್ದೆವು. ಬೊಬ್ಬೆ ಎದ್ದದ್ದು ನಮ್ಮ ಅಂಗೈಯಲ್ಲಿ, ಬಹುಮಾನದ ಕಪ್ಪು ಅವನ ಕೈಯಲ್ಲಿ, ಹಾರ ಅವನ ಕೊರಳಲ್ಲಿ. ಐದನೆಯ ಸಲ ಮನೆಗೆ ಬಂದರೆ ನನ್ನ ಹೆಂಡತಿಯೇ, "ಚಿನ್ನಪ್ಪಣ್ಣ ಗೆದ್ರಂತಲ್ಲ!" ಎಂದಳು. ಆವತ್ತು ಉರಿದ ಹೊಟ್ಟೆ ಆರಲೇ ಇಲ್ಲ.

ಆರನೆಯ ವರ್ಷ, ಗುರಿ ಇನ್ನೇನು ಬಂತು ಎನ್ನುವಾಗ, ನಾನು ಹುಟ್ಟನ್ನು ನೀರಿಗೆ ಅದ್ದಿದೆ, ಎಳೆಯಲಿಲ್ಲ. ದೋಣಿ ಪಕ್ಕಕ್ಕೆ ಹೊರಳಿತು. ಚಿನ್ನಪ್ಪ ಒಂದೇ ಸಲ ನನ್ನ ಮುಖ ನೋಡಿ ಹಗ್ಗ ಜಗ್ಗಿದ. ಒಂದು ಗೇಣಿನ ಅಂತರದಲ್ಲಿ ಕೋಲಾರ ಗೆದ್ದಿತು.

ನಮ್ಮ ದೋಣಿಯ ಉಸ್ತುವಾರಿಯ ದೊರೆ ಕೆಂಡವಾಗಿ ಬಂದ. ನಾವು ಬಾಯಿ ತೆರೆಯುವ ಮೊದಲೇ ಚಿನ್ನಪ್ಪ, "ತಪ್ಪು ನಂದೇ ದೊರೆ, ಹಗ್ಗ ಎಳೆದದ್ದು ತಪ್ಪಾಯ್ತು" ಎಂದ. ಅವನನ್ನು ತೆಗೆದುಹಾಕಿದರು. ಅವನ ಜಾಗಕ್ಕೆ ಬಂದವನು ನಿಜವನ್ನೇ ಕೂಗುತ್ತಿದ್ದ. ಮತ್ತೆ ನಾವು ಗೆಲ್ಲಲಿಲ್ಲ.

ಯುದ್ಧ ಬಂತು, ಪಂದ್ಯ ನಿಂತಿತು. ಮಗಳ ಮದುವೆಗೆ ಅಂಗಿ ಹೊಲಿಸಲು ಬೇರೆ ದರ್ಜಿಯ ಹತ್ತಿರ ಹೋಗಬಹುದಿತ್ತು. ಕಾಲು ಅವನ ಅಂಗಡಿಗೇ ಎಳೆಯಿತು. ನಾನು ಕೈ ಅಗಲಿಸಿ ನಿಂತರೆ ಅವನು ಟೇಪನ್ನೇ ಮುಟ್ಟಲಿಲ್ಲ.

"ಅಳತೆ ಯಾಕೋ? ಆರು ವರ್ಷ ಎದುರಿಗೆ ಕೂತು ನೋಡಿದೀನಿ. ಬಲಭುಜ ಸ್ವಲ್ಪ ಸಡಿಲ ಬಿಡ್ತೀನಿ, ನಿಂದು ದಪ್ಪ." ಸೂಜಿಗೆ ದಾರ ಪೋಣಿಸುತ್ತಾ ಸೇರಿಸಿದ: "ಆವತ್ತು ಆ ಭುಜ ಅಲ್ಲಾಡ್ಲೇ ಇಲ್ಲ."

ನಾನು ಅಗಲಿಸಿದ ಕೈ ಇಳಿಸಿದೆ. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಇಳಿಸೋರು. ನಂಗೇನೋ ಈ ಮಿಷನ್ ಇತ್ತು. ನಿಂಗೆ ಆ ಹುಟ್ಟು ಬಿಟ್ರೆ ಬೇರೆ ಯಾವ್ದರ ಮೇಲೆ ಮನಸ್ಸಿತ್ತೋ?"

ಆ ವರ್ಷವೇ ಅವನು ತೀರಿಕೊಂಡ. ಅಂಗಿ ಇನ್ನೂ ಇದೆ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸುಕ್ಕಿಲ್ಲ. ತೊಟ್ಟಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ. ಆವತ್ತು ಅವನ ಜಾಗದಲ್ಲಿ ನಾನಿದ್ದಿದ್ದರೆ ದೊರೆಗೆ ಹೇಳಿಬಿಡುತ್ತಿದ್ದೆ.